ಹಳೆಯ ಜಪಾನಿ ಸ್ಪೋರ್ಟ್ಸ್ ಕೂಪೆ: ಮೈಲಿ ಆಮೇಲೆ, ಮೊದಲು ಎಂಜಿನ್ ಲೆಕ್ಕ ಕೇಳಿ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊರದೇಶದಲ್ಲಿರುವ ಕನ್ನಡಿಗರವು. ಸೆಕೆಂಡ್ ಹ್ಯಾಂಡ್ ಕೂಪೆ (ತಗ್ಗು ಛಾವಣಿಯ ಸ್ಪೋರ್ಟ್ಸ್ ಕಾರು) ಎಷ್ಟು ಓಡಿದ್ದರೆ ಕೊಳ್ಳಬಹುದು ಎಂಬ ಪ್ರಶ್ನೆ ಬಹುತೇಕ ಎಲ್ಲ ಪತ್ರಗಳಲ್ಲೂ ಇದೆ. ಇಂಥ ಗಾಡಿಗಳ ಮಟ್ಟಿಗೆ ಮೀಟರ್ ಹೇಳುವುದು ಅರ್ಧ ಕಥೆ ಮಾತ್ರ. ಒಂದೊಂದು ಮಾಡೆಲ್‌ಗೂ ಗೊತ್ತಿರುವ ಒಂದೆರಡು ಕಾಯಿಲೆಗಳಿವೆ. ಆ ಜಾಗವನ್ನು ಬಿಚ್ಚಿ ನೋಡಿದ ದಾಖಲೆಯೋ ಅಳೆದು ಬರೆದ ಅಂಕಿಯೋ ಕೈಗೆ ಬರುವ ತನಕ ಮುಂಗಡ ಕೊಡಬೇಡಿ.

ಪ್ರಶ್ನೆ: 2013ರ ಸೈಯನ್ ಎಫ್‌ಆರ್-ಎಸ್ ನೋಡಿದ್ದೇನೆ. ಮ್ಯಾನ್ಯುಯಲ್ ಗೇರ್, 82,000 ಮೈಲಿ ಓಡಿದೆ. ವಾಲ್ವ್ ಸ್ಪ್ರಿಂಗ್ (ಎಂಜಿನ್ನಿನ ಕವಾಟ ಮುಚ್ಚುವ ಸ್ಪ್ರಿಂಗ್) ರೀಕಾಲ್, ಅಂದರೆ ಕಂಪನಿಯೇ ಗಾಡಿ ವಾಪಸ್ ಕರೆಸಿ ದೋಷ ಸರಿಪಡಿಸುವ ಕೆಲಸ, ಆಗಿದೆ ಎಂದು ಮಾಲೀಕರು ಹೇಳುತ್ತಾರೆ. ರೀಕಾಲ್ ಆದ ಗಾಡಿಯನ್ನೇ ಮುಟ್ಟಬೇಡ ಎಂದು ಗೆಳೆಯರು ಹೇಳುತ್ತಾರೆ. ಯಾರ ಮಾತು ಕೇಳಲಿ? (ಓದುಗರೊಬ್ಬರು, ಡಲ್ಲಾಸ್)

ಇಬ್ಬರ ಮಾತಿಗೂ ಆಧಾರವಿದೆ. ಸೈಯನ್ ಎಫ್‌ಆರ್-ಎಸ್, ಟೊಯೋಟಾ 86, ಸುಬಾರು ಬಿಆರ್‌ಝಡ್ ಮೂರೂ ಮೂಲದಲ್ಲಿ ಒಂದೇ ಗಾಡಿ. 1,998 ಸಿಸಿಯ ಎಫ್‌ಎ20 ಬಾಕ್ಸರ್ ಎಂಜಿನ್, ಅಮೆರಿಕದ ಮಾಡೆಲ್‌ನಲ್ಲಿ 200 ಅಶ್ವಶಕ್ತಿ. 2013ರ ಮಾಡೆಲ್‌ನಲ್ಲಿ ವಾಲ್ವ್ ಸ್ಪ್ರಿಂಗ್ ಮುರಿಯುವ ಸಾಧ್ಯತೆ ಇದೆಯೆಂದು 2018ರ ನವೆಂಬರ್‌ನಲ್ಲಿ ರೀಕಾಲ್ ಘೋಷಣೆಯಾಯಿತು. ಓಡುವಾಗ ಸ್ಪ್ರಿಂಗ್ ಮುರಿದರೆ ಎಂಜಿನ್ ನಿಂತುಹೋಗಬಹುದು. ಆದ್ದರಿಂದ ರೀಕಾಲ್ ಆಗದ 2013ರ ಗಾಡಿ ಬೇಡವೇ ಬೇಡ.

ರೀಕಾಲ್ ಆದ ಗಾಡಿಯ ಬಗ್ಗೆ ಭಯ ಹುಟ್ಟಿದ್ದು ಆ ಕೆಲಸದ ಸ್ವರೂಪದಿಂದ. ಬಾಕ್ಸರ್ ಎಂಜಿನ್‌ನಲ್ಲಿ ಸಿಲಿಂಡರ್‌ಗಳು ಎಡಕ್ಕೆರಡು ಬಲಕ್ಕೆರಡು ಮಲಗಿರುವುದರಿಂದ ಹೆಡ್‌ಗಳು ಚಾಸಿಯ ಎರಡೂ ಬದಿಗೆ ಒತ್ತಿಕೊಂಡಿರುತ್ತವೆ. ಹದಿನಾರು ಸ್ಪ್ರಿಂಗ್ ಬದಲಿಸಲು ಎಂಜಿನ್ ಇಳಿಸಿ, ಟೈಮಿಂಗ್ ಕವರ್ ತೆಗೆದು, ಕ್ಯಾಮ್‌ಗಳನ್ನು ಬಿಚ್ಚಬೇಕು. ಮತ್ತೆ ಜೋಡಿಸುವಾಗ ಕವರ್‌ಗಳಿಗೆ ಟ್ಯೂಬಿನಿಂದ ಹಿಂಡುವ ಸೀಲೆಂಟ್ ಹಚ್ಚುತ್ತಾರೆ. ಅದು ಹೆಚ್ಚಾದರೆ ಕವರ್ ಬಿಗಿದಾಗ ಒಳಮಗ್ಗುಲಿಗೆ ಉಬ್ಬಿ ಬರುತ್ತದೆ, ಗಟ್ಟಿಯಾಗುತ್ತದೆ, ತುಣುಕಾಗಿ ಕಳಚಿ ಎಂಜಿನ್ ತಳದ ತೊಟ್ಟಿಯಾದ ಆಯಿಲ್ ಸಂಪ್‌ಗೆ ಬೀಳುತ್ತದೆ. ಅಲ್ಲಿ ಆಯಿಲ್ ಹೀರುವ ಕೊಳವೆಯ ಬಾಯಿಯ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಜಾಲರಿ ಕಟ್ಟಿದಂತೆ ಬೇರಿಂಗ್‌ಗೆ ಆಯಿಲ್ ಕಡಿಮೆಯಾಗುತ್ತದೆ, ಕೊನೆಗೆ ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆದು ಎಂಜಿನ್ ಬಡಿಯತೊಡಗುತ್ತದೆ. ರೀಕಾಲ್ ಆದಮೇಲೆ ಎಂಜಿನ್ ಹೋದ ಗಾಡಿಗಳ ದೂರುಗಳಲ್ಲಿ ಈ ಕಾರಣ ಮತ್ತೆ ಮತ್ತೆ ಬಂದಿದೆ.

ಹಾಗಾಗಿ ಮೂರು ವಿಷಯ ಕೇಳಿ ತಿಳಿಯಿರಿ. ಒಂದು, 17 ಅಕ್ಷರಗಳ ಚಾಸಿ ನಂಬರನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ರೀಕಾಲ್ ಪುಟದಲ್ಲಿ ಹಾಕಿದರೆ ಬಾಕಿ ಉಳಿದಿರುವ ರೀಕಾಲ್ ತೋರಿಸುತ್ತದೆ, ಹಣ ಕೊಡಬೇಕಿಲ್ಲ. ಎರಡು, ಕೆಲಸ ಆದಾಗಿನ ಜಾಬ್ ಕಾರ್ಡ್, ಅದರಲ್ಲಿ ಬರೆದ ಮೈಲಿ. ಆಮೇಲೆ 15,000 ಮೈಲಿ ತೊಂದರೆಯಿಲ್ಲದೆ ಓಡಿದ ಗಾಡಿ ನಮ್ಮ ಮಟ್ಟಿಗೆ ಅರ್ಧ ಪರೀಕ್ಷೆ ಪಾಸಾದಂತೆ. ಕೆಲಸ ಆಗಿ ಒಂದೇ ಸಾವಿರ ಮೈಲಿಗೆ ಮಾರಾಟಕ್ಕೆ ಬಂದಿದ್ದರೆ ಕಾರಣ ಕೇಳಿ. ಮೂರು, ಸಂಪ್ ಬಿಚ್ಚಿಸಿ ನೋಡುವುದು. ಕೆಳಗಿನ ತಗಡಿನ ಸಂಪ್ ಪ್ಲೇಟ್ ಬಿಚ್ಚಿದರೆ ಹೀರು ಕೊಳವೆಯ ಜಾಲರಿ ನೇರ ಕಣ್ಣಿಗೆ ಬೀಳುತ್ತದೆ. ಅಲ್ಲಿ ರಬ್ಬರಿನ ಎಳೆಯಂಥ ತುಣುಕುಗಳಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. ಮತ್ತೆ ಮುಚ್ಚುವಾಗ ಹೊಸ ಸೀಲೆಂಟ್ ತೆಳುವಾಗಿ ಹಚ್ಚಿ, ಅದು ಒಣಗುವ ಸಮಯ ಕೊಟ್ಟು, ಆಮೇಲೆ ಆಯಿಲ್ ತುಂಬಬೇಕು. 0ಡಬ್ಲ್ಯೂ-20 ಆಯಿಲ್, ಫಿಲ್ಟರ್ ಸೇರಿ ಸುಮಾರು 5.4 ಲೀಟರ್. ಮಾಲೀಕರು ಇಷ್ಟಕ್ಕೆ ಒಪ್ಪದಿದ್ದರೆ, ಹಳೆಯ ಆಯಿಲ್‌ನ ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕಳಿಸಲು ಅನುಮತಿ ಕೇಳಿ. ಸೀಸ, ತಾಮ್ರದ ಪ್ರಮಾಣ ಏರಿದ್ದರೆ ಬೇರಿಂಗ್ ಸವೆಯುತ್ತಿದೆ ಎಂದರ್ಥ.

ಶಬ್ದಗಳ ವಿಷಯದಲ್ಲಿ ಗಾಬರಿ ಬೇಡ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ ಇಂಜೆಕ್ಟರ್‌ಗಳ ಟಿಕ್ ಟಿಕ್, ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಹೈ ಪ್ರೆಷರ್ ಫ್ಯುಯೆಲ್ ಪಂಪಿನ ಜೀರುಂಡೆಯಂಥ ಸದ್ದು, ಎರಡೂ ಈ ಎಂಜಿನ್‌ಗೆ ಸಹಜ. 3,000ದಿಂದ 4,500 ಆರ್‌ಪಿಎಂ ನಡುವೆ ಪಿಕಪ್ ಕೊಂಚ ಕುಗ್ಗುವುದೂ ಹುಟ್ಟುಗುಣ, ರಿಪೇರಿಯ ವಿಷಯವಲ್ಲ. ಎಂಜಿನ್ ಬಿಸಿಯಾದ ಮೇಲೆ, ಭಾರ ಬಿದ್ದಾಗ, ಆರ್‌ಪಿಎಂ ಜೊತೆ ಏರುವ ದಪ್ಪನೆಯ ಬಡಿತ ಕೇಳಿದರೆ ಮಾತ್ರ ಕೀಲಿಕೈ ವಾಪಸ್ ಕೊಟ್ಟು ಬನ್ನಿ.

ಕ್ಲಚ್ ಪರೀಕ್ಷೆ ಮರೆಯಬೇಡಿ. ನ್ಯೂಟ್ರಲ್‌ನಲ್ಲಿ, ಕ್ಲಚ್ ಬಿಟ್ಟಾಗ ಕಿರುಗುಟ್ಟುವ ಸದ್ದಿದ್ದು, ಪೆಡಲ್ ಮೇಲೆ ಕಾಲಿಟ್ಟ ಕೂಡಲೆ ನಿಂತರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮತ್ತು ಫೋರ್ಕ್ ಸವೆದಿವೆ. ಸಾಮಾನು ದುಬಾರಿಯಲ್ಲ, ಗೇರ್‌ಬಾಕ್ಸ್ ಇಳಿಸುವ ಮಜೂರಿಯೇ ದೊಡ್ಡದು. ಒಮ್ಮೆ ಇಳಿಸಿದರೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್ ಎಲ್ಲ ಒಟ್ಟಿಗೆ ಹಾಕಿಸಿ, ಆ ಮೊತ್ತವನ್ನು ಚೌಕಾಸಿಯಲ್ಲಿ ಮುರಿದುಕೊಳ್ಳಿ. ಬೆಳಗಿನ ಚಳಿಯಲ್ಲಿ ಎರಡನೇ ಗೇರ್ ಸ್ವಲ್ಪ ಬಿಗಿಯಾಗಿ ಬೀಳುವುದು ಸಾಮಾನ್ಯ. ಬಿಸಿಯಾದ ಮೇಲೂ ಎರಡರಿಂದ ಮೂರಕ್ಕೆ ಹಾಕುವಾಗ ಹಲ್ಲು ಕಡಿದರೆ ಗೇರುಗಳ ವೇಗ ಹೊಂದಿಸುವ ಸಿಂಕ್ರೋ ಹೋಗಿದೆ.

ಹಿಂದಿನ ಲೈಟಿನೊಳಗೆ ಮಂಜು ಕಟ್ಟುವುದು 2013ರ ಮಾಡೆಲ್‌ನ ಸಣ್ಣ ಕಿರಿಕಿರಿ. ಪೆಟ್ರೋಲ್ ಮಾತ್ರ ಪ್ರೀಮಿಯಂ ಆಗಿರಲೇಬೇಕು, ಏಕೆಂದರೆ ಕಂಪ್ರೆಷನ್ ಅನುಪಾತ (ಸಿಲಿಂಡರ್ ಒಳಗೆ ಗಾಳಿ, ಪೆಟ್ರೋಲ್ ಹಿಂಡುವ ಪ್ರಮಾಣ) 12.5:1ರಷ್ಟು ಹೆಚ್ಚು. ರೆಗ್ಯುಲರ್ ಹಾಕಿಯೇ ಓಡಿಸಿದ್ದೇವೆ ಎಂದು ಹೆಮ್ಮೆಯಿಂದ ಹೇಳುವ ಮಾಲೀಕರಿಂದ ಕೊಳ್ಳಬೇಡಿ. ಬಜೆಟ್ ಸ್ವಲ್ಪ ಹಿಗ್ಗಿಸುವಂತಿದ್ದರೆ 2017 ಅಥವಾ ಅದರ ನಂತರದ ಮ್ಯಾನ್ಯುಯಲ್ ನೋಡಿ. ಸ್ಪ್ರಿಂಗಿನ ತಲೆನೋವಿಲ್ಲ, 205 ಅಶ್ವಶಕ್ತಿ, ಫೈನಲ್ ಡ್ರೈವ್ (ಚಕ್ರಕ್ಕೆ ಶಕ್ತಿ ಮುಟ್ಟಿಸುವ ಕೊನೆಯ ಗೇರ್ ಅನುಪಾತ) 4.1ರಿಂದ 4.3ಕ್ಕೆ ಏರಿರುವುದರಿಂದ ಊರೊಳಗಿನ ಓಡಾಟದಲ್ಲೂ ಚುರುಕು.

ಪ್ರಶ್ನೆ: ದುಬೈನಲ್ಲಿ ನಿಸಾನ್ 370ಝಡ್ ಹುಡುಕುತ್ತಿದ್ದೇನೆ. ಅಮೆರಿಕನ್ ಸ್ಪೆಕ್ ಗಾಡಿಗಳು ಗಲ್ಫ್ ದೇಶಗಳಿಗೆಂದೇ ತಯಾರಾದ ಜಿಸಿಸಿ ಸ್ಪೆಕ್‌ಗಿಂತ ಬಹಳ ಅಗ್ಗ. ವ್ಯತ್ಯಾಸ ಎಸಿ ಮತ್ತು ರೇಡಿಯೇಟರ್‌ನಲ್ಲಷ್ಟೇ ಎನ್ನುತ್ತಾರೆ ಡೀಲರ್. ಹೌದೇ? (ಮಂಗಳೂರು ಮೂಲದ ಓದುಗರು, ದುಬೈ)

ಗಲ್ಫ್ ಸೆಕೆಗೆಂದು ಸಜ್ಜಾದ ಗಾಡಿ ಎಂಬುದು ಒಂದು ವ್ಯತ್ಯಾಸ ನಿಜ. ಬೆಲೆ ಇಳಿಯಲು ಅದಕ್ಕಿಂತ ದೊಡ್ಡ ಕಾರಣ, ಅಮೆರಿಕದಿಂದ ಬರುವ ಅನೇಕ ಗಾಡಿಗಳು ಅಪಘಾತ ಅಥವಾ ನೆರೆಯಲ್ಲಿ ಕೆಟ್ಟು, ವಿಮೆ ಕಂಪನಿ ಕೈಬಿಟ್ಟು, ಹರಾಜಿನಲ್ಲಿ ಹೋಗಿ ಇಲ್ಲಿ ಡೆಂಟಿಂಗ್ ಪೇಂಟಿಂಗ್ ಆದವು. ಚಾಸಿ ನಂಬರ್ ಕೊಟ್ಟು ಅಮೆರಿಕದ ಇತಿಹಾಸ ವರದಿ ತೆಗೆಸಿ. ಅದರಲ್ಲಿ ಸಾಲ್ವೇಜ್ ಟೈಟಲ್ (ವಿಮೆ ಕಂಪನಿ ಕೈಬಿಟ್ಟ ಗಾಡಿ) ಎಂದಿದ್ದರೆ, ಹರಾಜಿನ ದಿನದ ಫೋಟೋ ನೋಡದೆ ಬೆಲೆ ಮಾತಾಡಬೇಡಿ.

ನೆರೆ ನೀರು ಕುಡಿದ ಗಾಡಿಯನ್ನು ಪತ್ತೆ ಮಾಡಲು ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಇರುತ್ತದೆ, ಅಷ್ಟು ದೂರ ಯಾರೂ ತೊಳೆಯುವುದಿಲ್ಲ. ಸೀಟಿನ ಹಳಿಯ ಬೋಲ್ಟ್‌ಗಳ ತುಕ್ಕು, ಕಾರ್ಪೆಟ್ ಕೆಳಗಿನ ವಾಸನೆ ಕೂಡ ಹೇಳುತ್ತವೆ. ಏರ್‌ಬ್ಯಾಗ್ ದೀಪ ಕೀಲಿ ಹಾಕಿದಾಗ ಹತ್ತಿ ಆರಬೇಕು. ಹತ್ತದೇ ಇದ್ದರೆ ಸಿಡಿದ ಏರ್‌ಬ್ಯಾಗನ್ನು ಬದಲಿಸದೆ ದೀಪದ ವೈರ್ ಕಿತ್ತಿರಬಹುದು. ಹತ್ತಿ ಆರಿದರೂ ಸ್ಕ್ಯಾನರ್ ಹಾಕಿ ಏರ್‌ಬ್ಯಾಗ್ ಮಾಡ್ಯೂಲನ್ನೇ ಓದಿಸಿ. ಪೇಂಟ್ ದಪ್ಪ ಅಳೆಯುವ ಮೀಟರ್ 100ರಿಂದ 150 ಮೈಕ್ರಾನ್ ಆಸುಪಾಸು ತೋರಿಸಿದರೆ ಫ್ಯಾಕ್ಟರಿ ಬಣ್ಣ. 300 ದಾಟಿದ ಕಡೆ ಮರುಬಣ್ಣವೋ ಪುಟ್ಟಿಯೋ ಇದೆ.

ಇನ್ನು ಎಂಜಿನ್. 3.7 ಲೀಟರಿನ ವಿಕ್ಯೂ37 ಎಂಜಿನ್ 332 ಅಶ್ವಶಕ್ತಿಯ ಗಟ್ಟಿ ಆಸಾಮಿ, ಆದರೆ ಆರಂಭದ ವರ್ಷಗಳ ಗಾಡಿಗಳಲ್ಲಿ ಹಿಂಬದಿಯ ಟೈಮಿಂಗ್ ಕವರಿನೊಳಗೆ ಆಯಿಲ್ ಗ್ಯಾಲರಿಯ (ಆಯಿಲ್ ಹರಿಯುವ ದಾರಿ) ಗ್ಯಾಸ್ಕೆಟ್ ಕಾಗದದ್ದು. ಬಿಸಿ ತಾಕಿ ತಾಕಿ ಅದು ಹರಿಯುತ್ತದೆ. ಆಯಿಲ್ ಹೊರಗೆ ಸೋರುವುದಿಲ್ಲ, ಒಳಗೇ ಸಂಪ್‌ಗೆ ಹಿಂದಿರುಗುತ್ತದೆ. ಹಾಗಾಗಿ ನೆಲದ ಮೇಲೆ ಒಂದು ಹನಿಯೂ ಕಾಣದೆ ಪ್ರೆಷರ್ ಬಿದ್ದುಹೋಗುತ್ತದೆ. 370ಝಡ್ ಡ್ಯಾಶ್‌ಬೋರ್ಡಿನಲ್ಲಿ ಇರುವುದು ಆಯಿಲ್ ತಾಪಮಾನದ ಮುಳ್ಳು, ಪ್ರೆಷರ್ ಮುಳ್ಳಲ್ಲ. ಎರಡನ್ನೂ ಬೆರೆಸಿಕೊಳ್ಳಬೇಡಿ. ಮೆಕ್ಯಾನಿಕ್ ಆಯಿಲ್ ಪ್ರೆಷರ್ ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಗೇಜ್ ಸಿಕ್ಕಿಸಬೇಕು. ಇಪ್ಪತ್ತು ನಿಮಿಷ ಓಡಿಸಿ ಬಿಸಿ ಮಾಡಿದ ಮೇಲೆ ಐಡಲ್‌ನಲ್ಲಿ ಕನಿಷ್ಠ 98 ಕಿಲೋಪಾಸ್ಕಲ್ (14 ಪಿಎಸ್‌ಐ), 2,000 ಆರ್‌ಪಿಎಂನಲ್ಲಿ ಕನಿಷ್ಠ 294 ಕಿಲೋಪಾಸ್ಕಲ್ (43 ಪಿಎಸ್‌ಐ) ಇರಬೇಕು. ಅದಕ್ಕಿಂತ ಕೆಳಗಿದ್ದರೆ ಎಂಜಿನ್ನಿನ ಮುಂಭಾಗ ಪೂರ್ತಿ ಬಿಚ್ಚಿ ಲೋಹದ ಗ್ಯಾಸ್ಕೆಟ್ ಹಾಕಿಸುವ ಕೆಲಸ. ಹಾಕಿಸಿದ ಬಿಲ್ ತೋರಿಸಿದರೆ ಆ ಗಾಡಿಗೆ ಸ್ವಲ್ಪ ಹೆಚ್ಚೇ ಕೊಡಿ.

ಮ್ಯಾನ್ಯುಯಲ್ ಆದರೆ ಪೆಡಲ್ ಒತ್ತಡವನ್ನು ಕ್ಲಚ್ಚಿಗೆ ಮುಟ್ಟಿಸುವ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್ ಒಳಗೇ ಕೂತಿದೆ. ಅದು ಸೋರಿದ ದಿನ ಪೆಡಲ್ ನೆಲಕ್ಕೆ ಅಂಟಿ ಮೇಲೇಳುವುದಿಲ್ಲ. ಕ್ಲಚ್ ಫ್ಲೂಯಿಡ್ ಡಬ್ಬಿ ತೆರೆದು ನೋಡಿ, ಕಪ್ಪಗಿದ್ದರೆ ಅದರ ಸರದಿ ಹತ್ತಿರ ಬಂದಿದೆ. ಹಳೆಯ ವರ್ಷಗಳ ಗಾಡಿಗಳಲ್ಲಿ ಸ್ಟೀರಿಂಗ್ ಲಾಕಿನ ಎಲೆಕ್ಟ್ರಾನಿಕ್ ಮಾಡ್ಯೂಲ್ ಕೈಕೊಟ್ಟು, ಬಟನ್ ಒತ್ತಿದರೂ ಗಾಡಿ ಸ್ಟಾರ್ಟ್ ಆಗದಿರುವುದುಂಟು. ಬದಲಿಸಿದ್ದಾರೆಯೇ ಕೇಳಿ. ಆಯಿಲ್ ಕೂಲರ್ ಇಲ್ಲದ 370ಝಡ್ ಅನ್ನು ದುಬೈ ಬೇಸಿಗೆಯಲ್ಲಿ ಟ್ರ್ಯಾಕಿಗೆ ಒಯ್ಯುವ ಯೋಚನೆಯಿದ್ದರೆ ಮೊದಲು ಕೂಲರ್ ಹಾಕಿಸಿ. ಇಲ್ಲದಿದ್ದರೆ ಆಯಿಲ್ ಕಾದು ಗಾಡಿ ತಾನೇ ಶಕ್ತಿ ಇಳಿಸಿಕೊಳ್ಳುತ್ತದೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಮಜ್ದಾ ಆರ್‌ಎಕ್ಸ್-8 ನಂಬಲಾರದಷ್ಟು ಕಡಿಮೆ ಬೆಲೆಗೆ ಸಿಗುತ್ತಿದೆ. ನಾಲ್ಕು ಸೀಟು ಇರುವುದರಿಂದ ಮನೆಯಲ್ಲೂ ಒಪ್ಪಿದ್ದಾರೆ. ಕಡಿಮೆ ಬೆಲೆಗೆ ಕಾರಣವೇನು? (ಓದುಗರೊಬ್ಬರು, ರೀಡಿಂಗ್)

ಕಾರಣ ರೋಟರಿ ಎಂಜಿನ್. 1,308 ಸಿಸಿ, ಎರಡು ರೋಟರ್ (ಒಳಗೆ ತಿರುಗುವ ತ್ರಿಕೋನ ತುಂಡು), ಪಿಸ್ಟನ್ ಇಲ್ಲ. ಹೈ ಪವರ್ ಮಾಡೆಲ್ 9,000 ಆರ್‌ಪಿಎಂ ತನಕ ನುಣ್ಣಗೆ ಏರುತ್ತದೆ, ಆ ಸುಖ ಬೇರೆ ಗಾಡಿಯಲ್ಲಿ ಸಿಗದು. ಆದರೆ ರೋಟರ್‌ನ ತುದಿ ಮತ್ತು ಬದಿಯ ಸೀಲ್‌ಗಳು ಸವೆದು ಕಂಪ್ರೆಷನ್ ಇಳಿದರೆ ಎಂಜಿನ್ ರೀಬಿಲ್ಡ್ ಮಾಡಿಸಬೇಕು. ಅದರ ಖರ್ಚು ಗಾಡಿಯ ಬೆಲೆಯನ್ನೇ ಮೀರುವುದು ಸಾಮಾನ್ಯ.

ರೋಟರಿಗೆಂದೇ ಮಾಡಿದ ಟೆಸ್ಟರ್‌ನಿಂದ ಕಂಪ್ರೆಷನ್ ಅಳೆಸದೆ ಆರ್‌ಎಕ್ಸ್-8 ಕೊಳ್ಳಬೇಡಿ. ಒಂದು ರೋಟರ್‌ಗೆ ಮೂರು ಮುಖ, ಎರಡಕ್ಕೆ ಆರು. ಪಿಸ್ಟನ್ ಎಂಜಿನ್ನಿನ ಸಾಮಾನ್ಯ ಗೇಜ್ ಮೂರು ಮುಖಗಳಲ್ಲಿ ಅತಿ ಹೆಚ್ಚಿನದನ್ನು ಮಾತ್ರ ಹಿಡಿದು ನಿಲ್ಲುತ್ತದೆ, ಕೆಟ್ಟ ಮುಖ ಮರೆಯಾಗುತ್ತದೆ. ನಿಮಗೆ ಆರು ಅಂಕಿ ಬರೆದ ಚೀಟಿ ಬೇಕು. 250 ಆರ್‌ಪಿಎಂಗೆ ಸರಿಹೊಂದಿಸಿದ ಲೆಕ್ಕದಲ್ಲಿ ಕಂಪನಿ ಹೇಳುವ ಪ್ರಮಾಣ 8.5, ಕನಿಷ್ಠ 6.9 (ಚದರ ಸೆಂಟಿಮೀಟರಿಗೆ ಕೆಜಿ). ಒಂದೇ ರೋಟರ್‌ನ ಮುಖಗಳ ನಡುವೆ 1.5ಕ್ಕಿಂತ, ಎರಡು ರೋಟರ್‌ಗಳ ನಡುವೆ 1.0ಕ್ಕಿಂತ ಹೆಚ್ಚು ವ್ಯತ್ಯಾಸ ಇರಕೂಡದು.

ಚೀಟಿ ಓದುವುದು ಹೀಗೆ. ಮೊದಲ ರೋಟರ್ 7.6, 7.5, 7.6 ಮತ್ತು ಎರಡನೆಯದು 7.4, 5.3, 5.4 ಎಂದಿದೆ ಎಂದುಕೊಳ್ಳಿ. ಎರಡನೆಯದರಲ್ಲಿ ಅಕ್ಕಪಕ್ಕದ ಎರಡು ಮುಖ ಒಟ್ಟಿಗೆ ಬಿದ್ದಿವೆ. ಅವೆರಡರ ನಡುವೆ ಇರುವುದು ಒಂದೇ ತುದಿ ಸೀಲ್, ಅದು ಹೋಗಿದೆ ಎಂಬ ಅನುಮಾನ ಬಲವಾಗುತ್ತದೆ. ಒಂದೇ ಮುಖ ಬಿದ್ದಿದ್ದರೆ ಬದಿಯ ಸೀಲಿನ ಮೇಲೆ ಸಂಶಯ. ಆರೂ 7ರ ಆಸುಪಾಸು ಸಮವಾಗಿದ್ದರೆ ಸವೆದಿದೆ, ಆದರೆ ಇನ್ನೂ ಓಡುತ್ತದೆ. ಚೌಕಾಸಿಗೆ ಒಳ್ಳೆಯ ಆಧಾರ.

ಟೆಸ್ಟರ್ ಸಿಗುವ ಮೊದಲೇ ಒಂದು ಜರಡಿ ಹಿಡಿಯಬಹುದು. ಎಂಜಿನ್ ಪೂರ್ತಿ ಬಿಸಿಯಾಗುವಂತೆ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಎರಡು ಮೂರು ಸೆಕೆಂಡಿನಲ್ಲಿ ಹಿಡಿಯಬೇಕು. ಎಳೆದೆಳೆದು ಹಿಡಿದರೆ ಕಂಪ್ರೆಷನ್ ಇಳಿದಿದೆ. ನೀವು ಹೋಗುವಷ್ಟರಲ್ಲಿ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ, ತಣ್ಣಗಿನ ಸ್ಟಾರ್ಟ್ ಕೂಡ ನೋಡಬೇಕು.

ಈ ಎಂಜಿನ್ ಆಯಿಲ್ ಕುಡಿಯುವುದು ದೋಷವಲ್ಲ. ಸೀಲ್‌ಗಳಿಗೆ ಜಿಡ್ಡು ಬೇಕೆಂದು ಒಂದು ಪಂಪ್ ಹನಿ ಹನಿಯಾಗಿ ಆಯಿಲನ್ನು ದಹನ ಕೋಣೆಗೆ ಬಿಡುತ್ತದೆ. ಎರಡು ಸಲ ಪೆಟ್ರೋಲ್ ಹಾಕಿಸುವಷ್ಟರಲ್ಲಿ ಒಮ್ಮೆ ಡಿಪ್‌ಸ್ಟಿಕ್ ನೋಡಲೇಬೇಕು. ನಾಲ್ಕು ಇಗ್ನಿಷನ್ ಕಾಯಿಲ್‌ಗಳನ್ನು 30,000 ಮೈಲಿಗೊಮ್ಮೆ ಬದಲಿಸಿದ ಬಿಲ್ ಕೇಳಿ. ಕಾಯಿಲ್ ಸೋತರೆ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಅದು ಕರಗಿ ಕಟ್ಟಿಕೊಳ್ಳುತ್ತದೆ, ಹೊಗೆ ಹೊರಹೋಗದೆ ಶಾಖ ಹಿಂದಕ್ಕೆ ತಿರುಗಿ ಎಂಜಿನ್ನನ್ನೇ ಸುಡುತ್ತದೆ. ಸಣ್ಣ ಖರ್ಚು ಉಳಿಸಲು ಹೋಗಿ ಎಂಜಿನ್ ಕಳೆದುಕೊಂಡವರು ಹೆಚ್ಚಿನವರು ಈ ದಾರಿಯಲ್ಲೇ ಹೋದವರು. ತಣ್ಣಗಿನ ಗಾಡಿಯನ್ನು ಮನೆಯ ಮುಂದೆ ಹತ್ತು ಅಡಿ ಸರಿಸಿ ಆಫ್ ಮಾಡುವ ಅಭ್ಯಾಸವೂ ಬೇಡ, ಪ್ಲಗ್ ಒದ್ದೆಯಾಗಿ ಎಂಜಿನ್ ಮತ್ತೆ ಹಿಡಿಯುವುದಿಲ್ಲ. ಹಾಗಾದರೆ ಆಕ್ಸಲರೇಟರ್ ಪೂರ್ತಿ ತುಳಿದು ಕ್ರ್ಯಾಂಕ್ ಮಾಡಿ, ಪೆಟ್ರೋಲ್ ನಿಂತು ಒಳಗಿನದು ಹೊರಬೀಳುತ್ತದೆ.

ನಂಬರ್ ಪ್ಲೇಟ್ ಇದ್ದರೆ ಸಾಕು, ಸರ್ಕಾರದ ತಾಣದಲ್ಲಿ ಎಂಓಟಿ (ಗಾಡಿಯ ವಾರ್ಷಿಕ ಸುರಕ್ಷತಾ ತಪಾಸಣೆ) ಇತಿಹಾಸ ಪುಕ್ಕಟೆ ಸಿಗುತ್ತದೆ. ಪ್ರತಿ ವರ್ಷದ ಮೈಲಿ ಅಲ್ಲಿರುವುದರಿಂದ ಮೀಟರ್ ತಿರುಗಿಸಿದ್ದು ಗೊತ್ತಾಗುತ್ತದೆ, ಹಿಂದಿನ ಚಕ್ರದ ಕಮಾನು ಮತ್ತು ಬಾಗಿಲ ಕೆಳಗಿನ ಸಿಲ್‌ಗಳ ತುಕ್ಕಿನ ಎಚ್ಚರಿಕೆಯೂ ಇರುತ್ತದೆ. ರಸ್ತೆ ತೆರಿಗೆಯ ಒಂದು ಸೂಕ್ಷ್ಮ: 231 ಅಶ್ವಶಕ್ತಿಯ ಮಾಡೆಲ್ 2006ರ ಮಾರ್ಚ್ 23ಕ್ಕೆ ಮೊದಲು ನೋಂದಣಿಯಾಗಿದ್ದರೆ ಕೆ ವರ್ಗ, ನಂತರದ್ದಾದರೆ ಅತಿ ದುಬಾರಿಯ ಎಂ ವರ್ಗ. ಗಾಡಿ ಒಂದೇ, ವರ್ಷ ವರ್ಷ ಕಟ್ಟುವ ಹಣದಲ್ಲಿ ಬಹಳ ಅಂತರ.

ಪ್ರಶ್ನೆ: ಟೋಕಿಯೋದಲ್ಲಿ ಕೆಲಸ. 2012ರ ಟೊಯೋಟಾ 86 ಹರಾಜು ಚೀಟಿಯಲ್ಲಿ (ಹರಾಜಿಗೆ ಮೊದಲು ಗಾಡಿಯ ಸ್ಥಿತಿ ಪರೀಕ್ಷಿಸಿ ಬರೆದ ಹಾಳೆ) ಗ್ರೇಡ್ "ಆರ್" ಎಂದಿದೆ. ಡೀಲರ್ ಇದೇನೂ ದೊಡ್ಡದಲ್ಲ ಎನ್ನುತ್ತಾರೆ. (ಓದುಗರೊಬ್ಬರು, ಟೋಕಿಯೋ)

"ಆರ್" ಎಂದರೆ ಶೂಫುಕುರೆಕಿ, ಅಂದರೆ ಗಾಡಿಯ ಎಲುಬಿಗೆ ಪೆಟ್ಟು ಬಿದ್ದು ರಿಪೇರಿಯಾದ ಇತಿಹಾಸ. ಬಾಗಿಲಿನ ಗೀರಿಗೆ ಆರ್ ಹಾಕುವುದಿಲ್ಲ. ಚೀಟಿಯ ಮೂಲೆಯಲ್ಲಿರುವ ಗಾಡಿಯ ನಕ್ಷೆ ನೋಡಿ: ಎ ಗೀರು, ಯು ತಗ್ಗು, ಡಬ್ಲ್ಯೂ ರಿಪೇರಿಯ ಅಲೆ, ಎಸ್ ತುಕ್ಕು, ಎಕ್ಸ್‌ಎಕ್ಸ್ ಬದಲಿಸಿದ ಭಾಗ. ಮುಂದಿನ ರೇಡಿಯೇಟರ್ ಸಪೋರ್ಟ್ ಮಾತ್ರ ಬದಲಾಗಿದ್ದು, ಅಲೈನ್‌ಮೆಂಟ್ ಅಂಕಿಗಳು ಸರಿಯಾಗಿದ್ದರೆ ಬೆಲೆ ಇಳಿಸಿ ಯೋಚಿಸಬಹುದು. ಹಿಂದಿನ ಫ್ರೇಮ್ ಅಥವಾ ಪಿಲ್ಲರ್ ಮುಟ್ಟಿದ್ದರೆ ಬಿಡಿ. ಗ್ರೇಡ್ 4ರ ಗಾಡಿ ಹುಡುಕುವುದು ಮೇಲು. ನೋಂದಣಿಗೆ ಪಾರ್ಕಿಂಗ್ ಜಾಗದ ಪ್ರಮಾಣಪತ್ರ ಬೇಕು. ಶಾಕೆನ್ (ಜಪಾನಿನ ಕಡ್ಡಾಯ ಗಾಡಿ ತಪಾಸಣೆ) ಇನ್ನೆಷ್ಟು ತಿಂಗಳಿದೆ ಎಂಬುದನ್ನು ಬೆಲೆಯೊಂದಿಗೆ ಕೂಡಿಸಿ ನೋಡಿ. 13 ವರ್ಷ ದಾಟಿದ ಗಾಡಿಗೆ ವಾರ್ಷಿಕ ತೆರಿಗೆ 39,500 ಯೆನ್‌ನಿಂದ 45,400 ಆಸುಪಾಸಿಗೆ ಏರುತ್ತದೆ, 2012ರ ಗಾಡಿಗೆ ಇದು ಅನ್ವಯ.

ಪ್ರಶ್ನೆ: ಸಿಡ್ನಿಯಲ್ಲಿ ಟರ್ಬೊ ಹಾಕಿಸಿದ ಬಿಆರ್‌ಝಡ್ ಸಿಕ್ಕಿದೆ, ಬೆಲೆ ಮೂಲ ಗಾಡಿಯಷ್ಟೇ. ಕೊಳ್ಳಲೇ? (ಓದುಗರೊಬ್ಬರು, ಸಿಡ್ನಿ)

ಬೇಡ. 12.5:1 ಕಂಪ್ರೆಷನ್ನಿನ ಎಂಜಿನ್‌ಗೆ ಟರ್ಬೊ ಒತ್ತಡ ಸೇರಿದರೆ ಟ್ಯೂನಿಂಗ್ ಕೂದಲೆಳೆ ತಪ್ಪಿದರೂ ಎಂಜಿನ್ ನಾಕ್ ಆಗಿ ಪಿಸ್ಟನ್, ರಾಡ್ ಹೋಗುತ್ತವೆ. ಕೊಳ್ಳಲೇಬೇಕೆಂದರೆ ಎಂಜಿನಿಯರ್ ಸರ್ಟಿಫಿಕೇಟ್, ಟ್ಯೂನ್ ಮಾಡಿದವರ ಡೈನೋ (ಶಕ್ತಿ ಅಳೆಯುವ ಯಂತ್ರ) ಚೀಟಿ, ವಿಮೆ ಕಂಪನಿಯ ಲಿಖಿತ ಒಪ್ಪಿಗೆ ಮೂರೂ ಇರಬೇಕು. ಸಾಲ ಬಾಕಿ ಇದೆಯೇ ಎಂದು ತಿಳಿಯಲು ಸರ್ಕಾರದ ಅಡಮಾನ ದಾಖಲೆಯಾದ ಪಿಪಿಎಸ್‌ಆರ್ ತಾಣದಲ್ಲಿ 2 ಡಾಲರ್ ಸಾಕು.

ಪ್ರಶ್ನೆ: ಸಿಂಗಪುರದಿಂದ ಮೈಸೂರಿಗೆ ವಾಪಸಾಗುತ್ತಿದ್ದೇನೆ. ನನ್ನ 2018ರ 86 ಅನ್ನು ಜೊತೆಗೆ ತರಬಹುದೇ? (ಓದುಗರೊಬ್ಬರು, ಸಿಂಗಪುರ)

ಆಗುವುದಿಲ್ಲ. ಬಳಸಿದ ಕಾರನ್ನು ಭಾರತಕ್ಕೆ ತರಲು ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಕ್ಕಿರಬೇಕು, ಮುಂಬೈ ಬಂದರಿನಿಂದಲೇ ಬರಬೇಕು. ನಿಮ್ಮ ಗಾಡಿ ಮೊದಲ ಷರತ್ತಿನಲ್ಲೇ ನಿಲ್ಲುತ್ತದೆ, ಅಲ್ಲೇ ಮಾರಿ ಬನ್ನಿ. ಇಲ್ಲಿ ಜಪಾನಿ ಕೂಪೆಯೇ ಬೇಕೆಂದರೆ, ನಿಸಾನ್ ಕಂಪನಿಯೇ 2010ರಿಂದ ಕೆಲವು ವರ್ಷ ತರಿಸಿ ಮಾರಿದ 370ಝಡ್‌ಗಳು ಅಪರೂಪಕ್ಕೆ ಕೈಬದಲಾಗುತ್ತವೆ. ದುಬೈ ಓದುಗರಿಗೆ ಹೇಳಿದ ಆಯಿಲ್ ಪ್ರೆಷರ್ ಪರೀಕ್ಷೆ ಅದಕ್ಕೂ ಬೇಕು. ಆರ್‌ಸಿಯ ಎಂಜಿನ್ ಮತ್ತು ಚಾಸಿ ನಂಬರ್‌ಗಳನ್ನು ಗಾಡಿಯಲ್ಲಿ ಕೊರೆದಿರುವುದರ ಜೊತೆ ತಾಳೆ ನೋಡಿ. ಬೇರೆ ರಾಜ್ಯದ ನೋಂದಣಿಯಾಗಿದ್ದರೆ ಎನ್‌ಓಸಿ ತರಿಸಿಕೊಂಡು, ಕರ್ನಾಟಕದ ಲೈಫ್ ಟ್ಯಾಕ್ಸ್ ಎಷ್ಟಾಗುತ್ತದೆ ಎಂದು ಆರ್‌ಟಿಓದಲ್ಲಿ ಕೇಳಿ ತಿಳಿದ ಮೇಲೆಯೇ ಬೆಲೆ ಮಾತಾಡಿ.